ಜನವರಿ ಒಂದರ ಅಕ್ಕ

ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದ ಹೆಂಗಸಿಗೆ ತಿದ್ದಕ್ಕ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲಿಲ್ಲವೆಂದಲ್ಲ, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಮಾಲೀಕರಿಂದ ಹಿಡಿದು ಕಾಗದ ಕತ್ತರಿಸುವವನವರೆಗೆ, ಎದುರುಮನೆಯ ಟೈಲರಿನಿಂದ ಹಿಡಿದು ಹಾಲು ತರುವವಳವರೆಗೆ ಎಲ್ಲರಿಗೂ ಅವಳು ತಿದ್ದಕ್ಕ. ತಪ್ಪು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಬಸ್ಸಿನೊಳಗೆ ‘ಟಿಕೆಟ್ ಇಲ್ಲದ ಪ್ರಯಾಣ ಅಪರಾದ’ ಎಂದು ಬರೆದದ್ದನ್ನು ಕಂಡು, ಸೀಟಿನ ಮೇಲೆ ಹತ್ತಿ ನಿಂತು ‘ದ’ದ ಹೊಟ್ಟೆ ಸೀಳಿ ‘ಧ’ ಮಾಡಿದ್ದಳು. ಕಂಡಕ್ಟರ್ ಮುಂದಿನ ಸ್ಟಾಪಿನಲ್ಲೇ ಇಳಿಸಿದ. ಇಳಿಸಿದರೆ ಇಳಿಸಲಿ, ಅಕ್ಷರ ಸರಿಯಾಯಿತಲ್ಲ ಎಂದು ಉಳಿದ ದಾರಿಯನ್ನು ನಡೆದೇ ಮುಗಿಸಿದ್ದಳು.

ಇಂಥವಳ ಹುಟ್ಟಿದ ದಿನಾಂಕವೇ ತಪ್ಪು ಎಂದರೆ ನೀವು ನಗುತ್ತೀರಿ. ಅವಳೂ ನಲವತ್ತು ವರ್ಷ ನಕ್ಕಿದ್ದಳು. ಕಾಗದದ ಪ್ರಕಾರ ಅವಳು ಹುಟ್ಟಿದ್ದು ಜನವರಿ ಒಂದು. ‘ನನ್ನ ಹುಟ್ಟುಹಬ್ಬಕ್ಕೆ ಇಡೀ ಜಗತ್ತೇ ಪಟಾಕಿ ಹೊಡೆಯುತ್ತೆ, ನಿಮಗೆಲ್ಲ ಆ ಯೋಗ ಉಂಟಾ?’ ಎಂದು ಪ್ರೆಸ್ಸಿನವರನ್ನು ರೇಗಿಸುತ್ತಿದ್ದಳು. ಆ ನಗು ಆಸ್ಪತ್ರೆಯ ಹಿಂದಿನ ಕಟ್ಟಡದ ಮೂರನೇ ಕಿಟಕಿಯ ಎದುರು ನಿಂತ ದಿನ ಬತ್ತಿಹೋಯಿತು.

ತಿದ್ದಕ್ಕನಿಗೆ ಒಬ್ಬಳೇ ತಂಗಿ, ಪುಟ್ಟಿ. ನಲವತ್ತೈದಾದರೂ ಪುಟ್ಟಿಯೇ. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ‘ನನ್ನದು ನೋಡಿ’ ಎಂದು ತೋಳು ಚಾಚಿದವಳು ತಿದ್ದಕ್ಕ. ನೋಡಿದರು. ಹೊಂದಿತು, ಅದೂ ಎಂಥ ಹೊಂದಾಣಿಕೆ! ಡಾಕ್ಟರಮ್ಮ ವರದಿ ಹಿಡಿದುಕೊಂಡು, ‘ಒಡಹುಟ್ಟಿದವರಲ್ಲೂ ಇಷ್ಟು ಚೆನ್ನಾಗಿ ಕೂಡಿಬರೋದು ಅಪರೂಪ, ನಿಮ್ಮಮ್ಮ ಒಂದೇ ಅಚ್ಚಿನಲ್ಲಿ ಎರಡು ತೆಗೆದಿದ್ದಾರೆ’ ಎಂದರು. ಅಚ್ಚಿನ ಮಾತು ತಿದ್ದಕ್ಕನಿಗೆ ಬಹಳ ಹಿಡಿಸಿತು. ಇನ್ನೇನು, ಅಂಗದಾನದ ಸಮಿತಿಯ ಒಪ್ಪಿಗೆಯೊಂದು ಸಿಕ್ಕಿದರೆ ಆಯಿತು. ಅದು ಬರೀ ಶಾಸ್ತ್ರ, ಒಡಹುಟ್ಟಿದವರ ಅರ್ಜಿಗೆ ಎರಡು ವಾರದಲ್ಲಿ ಒಪ್ಪಿಗೆ ಬರುತ್ತದೆ ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರಲ್ಲ, ಆ ಪೂಜಾರಿ ಮೂರನೇ ಕಿಟಕಿಯ ಹಿಂದೆ ಕುಳಿತಿದ್ದ. ಸಮಿತಿಯ ಗುಮಾಸ್ತ. ಕೆಟ್ಟವನಲ್ಲ. ಮಾತು ಮಾತಿಗೂ ‘ಅಕ್ಕಾ’ ಎನ್ನುವವನು.

‘ಅಕ್ಕಾ, ಈ ಅರ್ಜಿ ನಡೆಯೋದಿಲ್ಲಕ್ಕಾ’ ಎಂದ.

‘ಯಾಕಪ್ಪಾ?’

‘ನೀವು ಇವರಿಗೆ ಅಕ್ಕ ಅಲ್ಲ.’

ತಿದ್ದಕ್ಕ ಮೊದಲು ಕನ್ನಡಕ ಒರೆಸಿಕೊಂಡಳು, ಕಿವಿಗೆ ಆದ ತಪ್ಪು ಕಣ್ಣಿಂದ ಸರಿಹೋದೀತು ಎನ್ನುವ ಹಾಗೆ. ಗುಮಾಸ್ತ ಎರಡು ಗುರುತಿನ ಚೀಟಿಗಳನ್ನು ಪಕ್ಕಪಕ್ಕ ಇಟ್ಟ. ಒಂದರಲ್ಲಿ ಜನವರಿ ಒಂದು. ಇನ್ನೊಂದರಲ್ಲಿ ಅದೇ ವರ್ಷದ ಮೇ ಹದಿನಾಲ್ಕು.

‘ನೀವೇ ಎಣಿಸಿ ಅಕ್ಕಾ. ನಾಲ್ಕೂವರೆ ತಿಂಗಳು. ಒಬ್ಬ ತಾಯಿ ನಾಲ್ಕೂವರೆ ತಿಂಗಳಲ್ಲಿ ಎರಡು ಹೆರೋಕಾಗುತ್ತಾ? ಮೇಕೆಗೂ ಕಷ್ಟ.’

ಇದರ ಕಥೆ ಹೇಳಲೇಬೇಕು. ತಿದ್ದಕ್ಕ ನಿಜವಾಗಿ ಪುಟ್ಟಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನೂಲಿನ ಮಿಲ್ಲಿನ ಹಳೇ ಚಿಮಣಿ ಕೆಡವಿದ ಮರುವಾರ, ಉರಿಬಿಸಿಲಿನಲ್ಲಿ, ಮನೆಯಲ್ಲೇ ಹುಟ್ಟಿದ ಕೂಸು. ದಿನಾಂಕ ಬರೆದಿಡಲು ಮನೆಯಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಅಮ್ಮ ಮಿಲ್ಲಿನ ಪಾಳಿಗೆ ಹೋದರೆ ಪುಟ್ಟಿಯನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಲ್ಲ? ಆ ಸೊಂಟ ಇವಳದು. ಹಾಗಾಗಿ ಶಾಲೆಗೆ ಹೋಗುವ ವಯಸ್ಸು ಬಂದೂ ಹೋಯಿತು. ಪುಟ್ಟಿಗೆ ಆರು ತುಂಬಿ ಶಾಲೆಗೆ ಸೇರಿಸಲು ಹೊರಟ ದಿನ ಹತ್ತು ವರ್ಷದ ಇವಳು ‘ನಾನೂ ಬರ್ತೀನಿ’ ಎಂದು ಅಮ್ಮನ ಸೆರಗು ಹಿಡಿದಳು. ಹೆಡ್‌ಮೇಷ್ಟ್ರು ಒಳ್ಳೆಯ ಮನುಷ್ಯ. ಒಳ್ಳೆಯವರು ಮಾಡಿಟ್ಟು ಹೋಗುವ ಎಡವಟ್ಟನ್ನು ಕೆಟ್ಟವರು ಏಳು ಜನ್ಮ ಎತ್ತಿದರೂ ಮಾಡಲಾರರು. ಹತ್ತು ವರ್ಷದವಳನ್ನು ಒಂದನೇ ಕ್ಲಾಸಿಗೆ ಹಾಕಿಕೊಳ್ಳಲು ನಿಯಮವಿಲ್ಲ, ಹಾಗಂತ ಮಗುವನ್ನು ವಾಪಸು ಕಳಿಸಲು ಮನಸ್ಸಿಲ್ಲ. ನಾಲ್ಕು ವರ್ಷ ಕತ್ತರಿಸಿ ಬಿಸಾಕಿದರು. ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಬರೆಯುತ್ತಿದ್ದದ್ದು ಜನವರಿ ಒಂದು. ಅವರ ರಿಜಿಸ್ಟರಿನ ಅರ್ಧಕ್ಕರ್ಧ ಮಕ್ಕಳು ಒಂದೇ ದಿನ, ಹೊಸವರ್ಷದ ಬೆಳಿಗ್ಗೆ, ಪಂಕ್ತಿ ಹಿಡಿದು ಹುಟ್ಟಿದ್ದವು. ಪುಟ್ಟಿ ಹುಟ್ಟಿದ್ದು ಮಾತ್ರ ಆಸ್ಪತ್ರೆಯಲ್ಲಿ, ಅವಳಿಗೆ ಮೇ ಹದಿನಾಲ್ಕು ಎಂಬ ಚೀಟಿ ಇತ್ತು.

‘ನೋಡಮ್ಮಾ, ಅಕ್ಕ ಅಂದ್ರೆ ಅಕ್ಕನೇ’ ಎಂದು ಹೆಡ್‌ಮೇಷ್ಟ್ರು ಪೆನ್ನಿನ ಕ್ಯಾಪು ಮುಚ್ಚುತ್ತ ಅಮ್ಮನಿಗೆ ಹೇಳಿದ್ದರು. ‘ಒಂದೇ ವರ್ಷ ಆದ್ರೂ, ತಂಗಿಗಿಂತ ನಾಲ್ಕೂವರೆ ತಿಂಗಳು ಮುಂದೆ ಇಟ್ಟಿದ್ದೀನಿ. ಅವಳ ದೊಡ್ಡತನಕ್ಕೆ ಚ್ಯುತಿ ಬರಬಾರದು.’ ಅಮ್ಮ ಕೈಮುಗಿದಿದ್ದಳು. ನಾಲ್ಕೂವರೆ ತಿಂಗಳ ದೊಡ್ಡತನ!

ಇದನ್ನೆಲ್ಲ ತಿದ್ದಕ್ಕ ಕಿಟಕಿಯ ಕಂಬಿಗೆ ಮೂಗು ತಾಗುವಷ್ಟು ಬಗ್ಗಿ ಹೇಳಿದಳು. ಗುಮಾಸ್ತ ತಾಳ್ಮೆಯಿಂದ ಕೇಳಿದ.

‘ಅರ್ಥ ಆಯ್ತಕ್ಕಾ. ಆದ್ರೆ ಸಮಿತಿ ಕಥೆ ಕೇಳಲ್ಲ, ಕಾಗದ ಕೇಳುತ್ತೆ.’

‘ರಕ್ತ ಪರೀಕ್ಷೆ ಇದೆಯಲ್ಲ! ಡಾಕ್ಟರಮ್ಮ ಬರೆದು ಕೊಟ್ಟಿದ್ದಾರೆ, ಒಂದೇ ಅಚ್ಚು ಅಂತ.’

‘ಹೊಂದುತ್ತೆ ಅಂತ ಬರೆದಿದ್ದಾರೆ. ಅಕ್ಕ ಅಂತ ಬರೆದಿಲ್ಲ. ದಾರಿಹೋಕರದ್ದೂ ಒಮ್ಮೊಮ್ಮೆ ಹೊಂದುತ್ತೆ. ಡಿಎನ್ಎ ಮಾಡಿಸಿದ್ರೂ ಚೀಟಿಯ ತಾರೀಕು ಸರಿಯಾಗದೆ ಕಡತ ಮುಂದೆ ಹೋಗಲ್ಲ.’ ಆಮೇಲೆ ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. ‘ತಪ್ಪು ತಿಳ್ಕೋಬೇಡಿ. ನಿಮ್ಮ ತಂದೆಯವರಿಗೆ ಬೇರೆ ಸಂಸಾರ ಏನಾದ್ರೂ ಇತ್ತಾ? ಇದ್ರೆ ಸುಲಭ. ಆ ಇನ್ನೊಬ್ಬ ತಾಯಿಯ ಕಾಗದ ತಂದುಬಿಡಿ.’

ತಿದ್ದಕ್ಕನ ಮೈಯೆಲ್ಲ ಉರಿದುಹೋಯಿತು. ಅಪ್ಪ ಎಂಬ ಪ್ರಾಣಿ ಮಿಲ್ಲು, ಮನೆ, ಮನೆಯ ಮುಂದಿನ ಕಟ್ಟೆ ಇಷ್ಟು ಬಿಟ್ಟು ನಾಲ್ಕನೆಯ ಜಾಗ ಕಂಡವನಲ್ಲ. ಒಂದು ಸಂಸಾರದ ಭಾರಕ್ಕೇ ಬೆನ್ನು ಬಾಗಿದ್ದ ಮನುಷ್ಯ. ಸತ್ತು ಹದಿನೆಂಟು ವರ್ಷವಾದ ಮೇಲೆ ಅವನಿಗೆ ಎರಡನೇ ಹೆಂಡತಿ ಕಟ್ಟಲು ಈ ಕಿಟಕಿ ಹೊರಟಿದೆ!

‘ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀವು’ ಎಂದು ಅವಳು ಕೂಗಿದಳು. ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. ‘ಕೇಳಪ್ಪಾ, ಜನವರಿ ಒಂದು ಅನ್ನೋದು ತಾರೀಕಲ್ಲ. ಗೊತ್ತಿಲ್ಲ ಅಂತ ಅದರ ಅರ್ಥ. ಗೊತ್ತಿಲ್ಲ ಅಂತ ಬರೆಯೋಕೆ ನಾಚಿಕೆಯಾಗಿ ಜನವರಿ ಒಂದು ಅಂತ ಬರೆದ್ರು, ಅಷ್ಟೆ. ನಿನ್ನ ಕಡತದಲ್ಲೇ ತೆಗೆದು ನೋಡು, ಎಷ್ಟು ಜನ ಜನವರಿ ಒಂದಕ್ಕೆ ಹುಟ್ಟಿದ್ದಾರೆ ಅಂತ!’

ಗುಮಾಸ್ತ ತೆಗೆದು ನೋಡಲಿಲ್ಲ, ಆದರೆ ಸಾಲಿನಲ್ಲಿದ್ದ ಮುದುಕರೊಬ್ಬರು ‘ನಾನೂ ಜನವರಿ ಒಂದೇ’ ಎಂದರು. ಅವರ ಹಿಂದಿದ್ದ ಹೆಂಗಸು ‘ನಮ್ಮತ್ತೆಯೂ’ ಎಂದಳು. ತಿದ್ದಕ್ಕನಿಗೆ ಇನ್ನಷ್ಟು ಹುರುಪು ಬಂತು. ಬೆಳಿಗ್ಗೆಯಷ್ಟೇ ಅವಳು ಮುಂದಿನ ವರ್ಷದ ಕ್ಯಾಲೆಂಡರಿನ ಜನವರಿ ಪುಟ ತಿದ್ದಿ ಬಂದಿದ್ದಳು. ಪ್ರತಿ ತಿಂಗಳ ಕೆಳಗೆ ಆ ಹೆಸರಿನ ಕಥೆ ಬರೆಯುವುದು ಮಾಲೀಕರ ಚಟ, ವರ್ಷ ವರ್ಷ ತಿದ್ದಿ ತಿದ್ದಿ ಜನವರಿಯ ಜಾತಕ ಅವಳಿಗೆ ಬಾಯಿಪಾಠವಾಗಿತ್ತು.

‘ಆ ಜನವರಿಯ ಯೋಗ್ಯತೆ ಗೊತ್ತೇನಪ್ಪಾ ನಿನಗೆ? ರೋಮಿನವರ ಹಳೇ ಪಂಚಾಂಗದಲ್ಲಿ ಆ ತಿಂಗಳೇ ಇರಲಿಲ್ಲ. ಹತ್ತೇ ತಿಂಗಳು, ಮಾರ್ಚಿಂದ ಶುರು. ಚಳಿಗಾಲದ ದಿನಗಳನ್ನ ಯಾರೂ ಎಣಿಸ್ತಿರಲಿಲ್ಲ, ಅನಾಥವಾಗಿ ಬಿದ್ದಿರ್ತಿದ್ವು. ಎಷ್ಟೋ ಕಾಲ ಆದ್ಮೇಲೆ ಯಾರೋ ರಾಜ ಜನವರಿ ಫೆಬ್ರವರಿ ಅಂತ ಎರಡು ಸೇರಿಸಿದ. ಆಮೇಲೆ ಜನವರಿಯನ್ನ ಎತ್ತಿ ತಂದು ಎಲ್ಲಕ್ಕಿಂತ ಮುಂದೆ ಕೂರಿಸಿದ್ರು. ಕಡೇಲಿ ಹುಟ್ಟಿದ್ದು ಮೊದಲನೇದಾಯ್ತು! ಜನವರಿಯ ಹುಟ್ಟಿದ ತಾರೀಕೇ ಸುಳ್ಳು, ಅದು ನನ್ನ ತಾರೀಕಿಗೆ ಸಾಕ್ಷಿನಾ? ಅದಕ್ಕೆ ಹೆಸರು ಕೊಟ್ಟ ದೇವರು ಜೇನಸ್ಸು, ಬಾಗಿಲು ಕಾಯೋನು, ಅವನಿಗೆ ಎರಡು ಮುಖ. ಒಂದು ಮುಖ ನಿಮ್ಮ ಆಫೀಸಿನ ಕಡೆ ತಿರುಗಿದೆ ಅಂತ ಕಾಣುತ್ತೆ!’

ಗುಮಾಸ್ತ ಪೆನ್ನು ಕೆಳಗಿಟ್ಟ.

‘ಅಕ್ಕಾ, ಈ ರೋಮಿನ ವಿಷಯ ಅಂದ್ರಲ್ಲ, ಅದರ ದೃಢೀಕೃತ ಪ್ರತಿ ಇದೆಯಾ?’

ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಅವಳನ್ನು ಸುಸ್ತು ಮಾಡಿದ್ದು. ಎದುರಿಗಿದ್ದವನು ನಕ್ಕಿದ್ದರೆ ಕಪಾಳಕ್ಕೆ ಬಾರಿಸುವ ಆಸೆಯಾದರೂ ಹುಟ್ಟುತ್ತಿತ್ತು.

ಹುಟ್ಟಿದ ದಿನಾಂಕ ತಿದ್ದಿಸಲು ದಾರಿಯಿತ್ತು. ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಹೆತ್ತವರನ್ನು ಕರೆಸಬೇಕು, ಅವರಿಲ್ಲದಿದ್ದರೆ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು, ಅವಳೂ ಇಲ್ಲದಿದ್ದರೆ ಶಾಲೆಯ ಹೆಡ್‌ಮೇಷ್ಟ್ರನ್ನು. ಎಲ್ಲರೂ ಮೇಲೆ ಹೋಗಿ ಯಾವುದೋ ಕಾಲವಾಗಿತ್ತು. ಮಿಲ್ಲಿನ ಚಿಮಣಿ ಯಾವಾಗ ಬಿತ್ತೆಂದು ಹೇಳಲು ಮಿಲ್ಲೂ ಉಳಿದಿರಲಿಲ್ಲ. ಬೇಗ ಅಂದರೂ ಒಂದು ವರ್ಷ ಎಂದರು ವಕೀಲರು. ಡಾಕ್ಟರಮ್ಮ ಹೇಳಿದ ಲೆಕ್ಕ ಬೇರೆಯಿತ್ತು. ಪುಟ್ಟಿಯ ಕೈಯಲ್ಲಿ ಸೂಜಿ ಚುಚ್ಚುವ ನರ ಎರಡು ಸಲ ಕೆಟ್ಟಿತ್ತು, ಹೃದಯಕ್ಕೂ ನೀರು ಸುತ್ತಿಕೊಳ್ಳುತ್ತಿತ್ತು. ‘ಎರಡು ತಿಂಗಳೊಳಗೆ ಆದ್ರೆ ಒಳ್ಳೇದು’ ಎಂದು ಹೇಳಿ ಅವರು ಕಿಟಕಿಯ ಹೊರಗೆ ನೋಡಿದ್ದರು. ಒಳ್ಳೆಯ ಡಾಕ್ಟರು ಮಾತು ಮುಗಿಸದೆ ಹೊರಗೆ ನೋಡಿದರೆ ಏನರ್ಥವೆಂದು ತಿದ್ದಕ್ಕನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಮೂರನೆಯ ಸಲ ಹೋದಾಗ ಗುಮಾಸ್ತನೇ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದ. ನೀರು ಕೊಟ್ಟ.

‘ಅಕ್ಕಾ, ನಿಮ್ಮನ್ನ ನೋಡಿದ್ರೆ ನನ್ನ ಸ್ವಂತ ಅಕ್ಕನ್ನ ನೋಡಿದ ಹಾಗಾಗುತ್ತೆ. ಒಂದು ದಾರಿ ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಸಂಬಂಧಿಕರಲ್ಲದ ದಾನಿ ಅಂತ ಒಂದು ಅರ್ಜಿ ಇದೆ. ಸ್ನೇಹಿತರು, ನೆರೆಹೊರೆಯವರು ಪ್ರೀತಿಯಿಂದ ಕೊಡೋದು. ನಿಮ್ಮ ಚೀಟಿಗಳಲ್ಲಿ ತಾರೀಕು ಏನಾದ್ರೂ ಇರ್ಲಿ, ಸ್ನೇಹಿತೆಯರಿಗೆ ಅದು ಅಡ್ಡಿಯಿಲ್ಲ. ಅವರ ಚೀಟೀಲಿ ಗಂಡನ ಹೆಸರಿದೆ, ನಿಮ್ಮದರಲ್ಲಿ ಅಪ್ಪನ ಹೆಸರಿದೆ, ಯಾರೂ ಕೇಳಲ್ಲ. ಶಾಲೆಯ ದಾಖಲೆ ಕಡತದಿಂದ ತೆಗೆದುಬಿಡಿ. ನಿಮಗೂ ಅವರಿಗೂ ಸಂಬಂಧ ಇಲ್ಲ ಅಂತ ಒಂದು ಪ್ರಮಾಣಪತ್ರ, ಇಬ್ಬರನ್ನೂ ಬಲ್ಲ ನೆರೆಯವರದ್ದೊಂದು ಹೇಳಿಕೆ. ಮೂರು ವಾರದಲ್ಲಿ ಮಾಡಿಸಿಕೊಡ್ತೀನಿ.’

ಸತ್ಯ ಹೇಳಿದರೆ ಒಂದು ವರ್ಷ, ಸುಳ್ಳಿಗೆ ಮೂರು ವಾರ. ತಿದ್ದಕ್ಕ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ‘ನನ್ನ ಕೈಯಿಂದ, ಅವಳು ನನ್ನ ತಂಗಿ ಅಲ್ಲ ಅಂತ ಬರೆಸ್ತೀಯಾ? ಈ ಕೈಯಿಂದ? ಊರಿಗೆಲ್ಲ ನಾನು ಅಕ್ಕ. ನಿನಗೆ ಅಕ್ಕ, ಬಾಗಿಲಲ್ಲಿ ಕೂತಿರೋ ಕಾವಲಿನವನಿಗೆ ಅಕ್ಕ, ಅಲ್ಲಿ ಟೀ ಮಾರೋನಿಗೆ ಅಕ್ಕ. ನಾನು ಎತ್ತಿ ಬೆಳೆಸಿದ ಒಬ್ಬಳಿಗೆ ಮಾತ್ರ ಅಕ್ಕ ಅಲ್ವಾ?’ ಎಂದವಳೇ ಎದ್ದು ಬಂದುಬಿಟ್ಟಳು. ಹಿಂದಿನಿಂದ ಗುಮಾಸ್ತ ‘ಅಕ್ಕಾ, ಛತ್ರಿ!’ ಎಂದು ಕೂಗಿದ. ಅವಳು ತಿರುಗಲಿಲ್ಲ.

ನೆಟ್ಟಗೆ ಯಂತ್ರದ ವಾರ್ಡಿಗೆ ಹೋದಳು. ಹನ್ನೆರಡು ಮಂಚ, ಹನ್ನೆರಡು ಯಂತ್ರ. ಕಿಟಕಿ ಪಕ್ಕದ ಮಂಚ ಪುಟ್ಟಿಯದು. ಕೈಯಿಂದ ಎರಡು ನಳಿಗೆ ಹೊರಟು ಯಂತ್ರಕ್ಕೆ ಹೋಗಿದ್ದವು. ಮುಖ ಊದಿಕೊಂಡಿತ್ತು, ನಾಲಿಗೆ ಮಾತ್ರ ಎಂದಿನಂತೆ ಹರಿತ.

‘ಬಾ ಗೆಳತಿ’ ಎಂದಳು ಪುಟ್ಟಿ. ಗುಮಾಸ್ತ ಅವಳ ಗಂಡನಿಗೂ ಫೋನಿನಲ್ಲಿ ಇದೇ ದಾರಿ ಹೇಳಿದ್ದನೆಂದು ಕಾಣುತ್ತದೆ.

‘ಹಲ್ಲು ಉದುರಿಸಿಬಿಡ್ತೀನಿ.’

‘ಉದುರಿಸು. ಸಂಬಂಧ ಇಲ್ಲದವರ ಮೇಲೆ ಕೈ ಮಾಡಿದ್ರೆ ಕೇಸಾಗುತ್ತೆ, ಹುಷಾರು.’

ತಿದ್ದಕ್ಕ ಮಂಚದ ತುದಿಯಲ್ಲಿ ಕುಳಿತು ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಾರಿದಳು. ಹೆಡ್‌ಮೇಷ್ಟ್ರಿಗೆ ಬೈದಳು, ಸಮಿತಿಗೆ ಬೈದಳು, ರೋಮಿನ ರಾಜನಿಗೂ ಬೈದಳು. ಜನವರಿಯ ಮೊದಲ ದಿನ ರೋಮಿನವರು ಜೇನುತುಪ್ಪ ಹಂಚಿ ಒಳ್ಳೆಯ ಮಾತನ್ನೇ ಆಡುತ್ತಿದ್ದರಂತೆ, ಆ ದಿನ ಆಡಿದ್ದು ವರ್ಷವಿಡೀ ನಿಲ್ಲುತ್ತದೆಂದು ನಂಬುತ್ತಿದ್ದರಂತೆ. ಅವರದ್ದು ಒಂದು ವರ್ಷಕ್ಕೆ ನಿಲ್ಲುತ್ತಿತ್ತು, ಹೆಡ್‌ಮೇಷ್ಟ್ರು ಬರೆದ ಜನವರಿ ಒಂದು ಜನ್ಮಕ್ಕೆ ನಿಂತಿತಲ್ಲ ಎಂದಳು. ಮುಂದಿನ ವಾರ ದಾವೆ ಹೂಡುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ, ಸಮಿತಿಯ ಬಾಗಿಲಲ್ಲಿ ಧರಣಿ ಕೂರುತ್ತೇನೆ, ಸುಳ್ಳಿಗೆ ಮಾತ್ರ ಸಹಿ ಹಾಕುವುದಿಲ್ಲ ಎಂದಳು.

ಪುಟ್ಟಿ ಎಲ್ಲವನ್ನೂ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖದ ನಗೆ ಇಳಿಯಿತು.

‘ಆಯ್ತಾ?’ ಎಂದಳು. ‘ಈಗ ನಾನು ಹೇಳ್ತೀನಿ ಕೇಳು. ನಿನ್ನ ಅಕ್ಕತನ ಉಳಿಸ್ಕೊಳ್ಳೋಕೆ ನಾನು ಸಾಯ್ಬೇಕಾ?’

ತಿದ್ದಕ್ಕ ಮಂಚದ ತುದಿಯಿಂದ ಎದ್ದು ನಿಂತಳು.

‘ನೀನು ದಾವೆ ಗೆಲ್ತೀಯ ಅಂತಾನೇ ಇಟ್ಕೊ. ಒಂದು ವರ್ಷ ಆದ್ಮೇಲೆ ಕಾಗದ ಬರುತ್ತೆ, ಇವಳು ಅವಳ ಅಕ್ಕ ಅಂತ. ಯಾರ ಅಕ್ಕ? ಫೋಟೋಗೆ ತೋರಿಸ್ತೀಯಾ ಆ ಕಾಗದಾನ?’ ಪುಟ್ಟಿ ನಳಿಗೆಯಿಲ್ಲದ ಕೈಯಿಂದ ಮಂಚ ಗುದ್ದಿದಳು. ‘ಎಲ್ಲಾರಿಗಿಂತ ನನಗೆ ಹೆಚ್ಚು ಉರೀತಿದೆ ಕಣೇ. ಈ ನಳಿಗೆ ಕಿತ್ತು ಬಿಸಾಕಿ ಆ ಕಿಟಕಿಗೆ ಕಲ್ಲು ಹೊಡಿಯೋಣ ಅನ್ಸುತ್ತೆ. ಆದ್ರೆ ಉರಿಯೋಕೂ ಬದುಕಿರ್ಬೇಕಲ್ವಾ? ಮೊದಲು ಬದುಕಿಸು. ಆಮೇಲೆ ಇಬ್ಬರೂ ಸೇರಿ ಬೈಯೋಣ.’

ಯಂತ್ರ ಗುರ್ ಎನ್ನುತ್ತಿತ್ತು. ತಿದ್ದಕ್ಕ ತಂಗಿಯ ಕಾಲ ಮೇಲಿನ ಹೊದಿಕೆಯನ್ನು ಎಳೆದು ಸರಿಮಾಡಿದಳು, ಆಮೇಲೆ ಮತ್ತೆ ಸರಿಮಾಡಿದಳು. ತನ್ನ ಸಿಟ್ಟು ಇಷ್ಟು ದಿನ ತಂಗಿಗಾಗಿ ಎಂದುಕೊಂಡಿದ್ದಳು. ಅದರಲ್ಲಿ ಅರ್ಧ ತನ್ನ ಜಂಬಕ್ಕಾಗಿತ್ತೆಂದು ಈಗ ತಿಳಿದು ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಸಿಟ್ಟು ಕಡಿಮೆಯಾಗಲಿಲ್ಲ, ಅದು ಬೇರೆ ಮಾತು.

ಮರುದಿನ ಅವಳು ಪ್ರಮಾಣಪತ್ರಕ್ಕೆ ಸಹಿ ಹಾಕಿದಳು. ‘ದಾನಿಗೂ ರೋಗಿಗೂ ರಕ್ತಸಂಬಂಧವಾಗಲಿ ಬೇರಾವುದೇ ಸಂಬಂಧವಾಗಲಿ ಇರುವುದಿಲ್ಲ’ ಎಂದಿತ್ತು. ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಹುಡುಕಿದ್ದಳು, ಸಿಕ್ಕಿರಲಿಲ್ಲ. ಸಹಿ ಮಾಡಿ ಹೊರಗೆ ಬಂದವಳು ಕಚೇರಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡಳು.

ನೆರೆಯವರ ಹೇಳಿಕೆಗೆ ಎದುರುಮನೆಯ ಟೈಲರು ಒಪ್ಪಿಕೊಂಡ. ಹೊಲಿಗೆ ಯಂತ್ರದ ಮುಂದೆಯೇ ಕುಳಿತು, ಬಟ್ಟೆ ಅಳೆಯುವ ಟೇಪು ಕುತ್ತಿಗೆಗೆ ಹಾಕಿಕೊಂಡು, ನಾಲಿಗೆ ಹೊರಚಾಚಿ ಶ್ರದ್ಧೆಯಿಂದ ಬರೆದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಜೀವ, ‘ಶುಕ್ರವಾರ ಕೊಡ್ತೀನಿ’ ಎನ್ನುವುದೊಂದನ್ನು ಬಿಟ್ಟರೆ.

‘ನೋಡಿ ತಿದ್ದಕ್ಕಾ, ಸರಿಯಾಗಿದೆಯಾ?’

ಕಾಗದದಲ್ಲಿ ಹೀಗಿತ್ತು: ‘ಇವರಿಬ್ಬರನ್ನೂ ನಾನು ಮೂವತ್ತು ವರ್ಷಗಳಿಂದ ಬಲ್ಲೆ. ಇವರು ಆಪ್ತ ಸ್ನೇಹಿತೆಯರಾಗಿದ್ದು ಅಕ್ಕತಂಗಿಯರಂತೆ ಇದ್ದಾರೆ.’

ತಿದ್ದಕ್ಕನ ಕಣ್ಣು ‘ಅಂತೆ’ಯ ಮೇಲೆ ನಿಂತಿತು. ಎರಡೇ ಅಕ್ಷರ. ಕನ್ನಡದಲ್ಲಿ ಇದಕ್ಕಿಂತ ಕಳ್ಳ ಮಾತು ಇನ್ನೊಂದಿಲ್ಲ ಎನ್ನಿಸಿತು ಅವಳಿಗೆ. ಹಾಗೆ ಅಂದರೂ ಅಂತೆ, ಯಾರೋ ಹೇಳಿದರು ಅಂದರೂ ಅಂತೆ. ಇಡೀ ಊರಿನ ಗಾಳಿಮಾತು ನಿಂತಿರುವುದೇ ಅದರ ಮೇಲೆ. ಒಂದು ಗೆರೆ ಎಳೆದು ಅಲ್ಲಿಂದ ಮುಂದಿನದನ್ನು ಹೊಡೆದುಹಾಕಿದರೆ ವಾಕ್ಯ ನಿಜವಾಗುತ್ತಿತ್ತು: ಇವರು ಅಕ್ಕತಂಗಿಯರು. ಬೆರಳು ತುರಿಸಿತು. ಒಂದು ಗೆರೆ, ಅಷ್ಟೇ ಬೇಕಿದ್ದದ್ದು, ಅಷ್ಟರಿಂದಲೇ ತಂಗಿ ಸಾಯುತ್ತಿದ್ದಳು.

‘ಸರಿಯಾಗಿದೆ’ ಎಂದಳು.

‘ತಪ್ಪೇ ಇಲ್ವಾ?’ ಟೈಲರಿಗೆ ನಂಬಿಕೆಯಾಗಲಿಲ್ಲ. ತಿದ್ದಕ್ಕ ತಿದ್ದದೆ ವಾಪಸು ಕೊಟ್ಟ ಕಾಗದ ಆ ಬೀದಿಯಲ್ಲಿ ಅದೊಂದೇ.

‘ಇಲ್ಲ ಅಂದ್ನಲ್ಲ!’ ಎಂದು ರೇಗಿದಳು. ಟೈಲರು ತೆಪ್ಪಗೆ ಸಹಿ ಹಾಕಿದ.

ಸಮಿತಿಯ ಮುಂದೆ ಹಾಜರಾಗುವ ದಿನ ಗುಮಾಸ್ತ ಬಾಗಿಲಲ್ಲೇ ಕಾದಿದ್ದು ಪಾಠ ಹೇಳಿದ. ‘ತಂಗಿ ಅನ್ನೋ ಮಾತು ಬಾಯಲ್ಲಿ ಬರಕೂಡದು. ಅಮ್ಮ, ಅಪ್ಪ, ಮನೆ ಯಾವ್ದೂ ಬೇಡ. ಪ್ರೀತಿ ವಿಶ್ವಾಸಕ್ಕೆ ಕೊಡ್ತಿದ್ದೀನಿ ಅನ್ನಿ, ಅಷ್ಟೇ ಸಾಕು. ಮತ್ತೆ ಆ ರೋಮು ಬೇಡ ಅಕ್ಕಾ, ದಯವಿಟ್ಟು.’

ಉದ್ದನೆಯ ಮೇಜು, ಆಚೆ ಬದಿಗೆ ಐದು ಜನ. ನಡುವೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಬೆಳ್ಳಗಿನ ಹುಬ್ಬಿನ ಸೌಮ್ಯ ಮುಖದವರು. ಈಚೆ ಬದಿಗೆ ಎರಡು ಕುರ್ಚಿ. ಪುಟ್ಟಿ ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದಳು. ತಿದ್ದಕ್ಕ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಳ್ಳಲು ಹೋಗಿ, ಗುಮಾಸ್ತನ ಕಣ್ಣು ನೋಡಿ, ಇದ್ದಲ್ಲೇ ಬಿಟ್ಟಳು.

‘ಇವರು ನಿಮಗೆ ಏನಾಗಬೇಕು?’ ಎಂದು ಅಧ್ಯಕ್ಷರು ಕೇಳಿದರು.

ಏನಾಗಬೇಕು! ಸೊಂಟದ ಮೇಲಿನ ಭಾರವಾಗಬೇಕು, ಕೈತುತ್ತಾಗಬೇಕು, ತನ್ನ ಬಾಲ್ಯ ಪೂರಾ ಆಗಬೇಕು.

‘ಏನೂ ಆಗಬೇಕಿಲ್ಲ ಸಾರ್’ ಎಂದಳು ತಿದ್ದಕ್ಕ.

ಪಕ್ಕದಲ್ಲಿ ಪುಟ್ಟಿ ಮುಖ ಆಚೆ ತಿರುಗಿಸಿದಳು. ಇದನ್ನು ಹೇಳು ಎಂದವಳು ಅವಳೇ. ಕಿವಿಯಾರೆ ಕೇಳುವುದು ಬೇರೆ.

‘ಹಾಗಾದ್ರೆ ಇಷ್ಟು ದೊಡ್ಡ ತ್ಯಾಗ ಯಾಕೆ ಮಾಡ್ತಿದ್ದೀರಿ? ಯಾರಾದ್ರೂ ಒತ್ತಾಯ ಮಾಡಿದ್ರಾ?’

‘ಇಲ್ಲ ಸಾರ್. ಪ್ರೀತಿ ವಿಶ್ವಾಸ. ಸಣ್ಣವಳಿದ್ದಾಗಿಂದ ಎತ್ತಿ ಆಡಿಸಿದ್ದೀನಿ...’

ಬಾಯಿ ಜಾರಿತ್ತು. ಎಡತುದಿಯಲ್ಲಿದ್ದ ಸದಸ್ಯೆ ತಕ್ಷಣ ಕಡತ ತಿರುವಿದರು. ‘ಒಂದು ನಿಮಿಷ. ನೀವಿಬ್ಬರೂ ಒಂದೇ ವರ್ಷ ಹುಟ್ಟಿದವರು. ನಾಲ್ಕೂವರೆ ತಿಂಗಳ ಮಗು ಇನ್ನೊಂದು ಮಗೂನ ಎತ್ತಿ ಆಡಿಸೋದು ಹೇಗೆ?’

ಗೋಡೆಗೆ ಒರಗಿ ನಿಂತಿದ್ದ ಗುಮಾಸ್ತ ಕಣ್ಣು ಮುಚ್ಚಿಕೊಂಡ. ಸತ್ಯ ಬಾಯಿಂದ ಒಂದು ಗೇಣು ಹೊರಗೆ ಬಂದದ್ದಕ್ಕೇ ತಿದ್ದಕ್ಕ ಸಿಕ್ಕಿಬಿದ್ದಳು, ಮೊಳದುದ್ದ ಸುಳ್ಳು ಮೇಜಿನ ಮೇಲೆ ಮೊಹರು ಹಾಕಿಸಿಕೊಂಡು ಮಲಗಿತ್ತು.

‘ಒಟ್ಟಿಗೆ ಆಡಿ ಬೆಳೆದ್ವಿ ಅಂತ ಅದರರ್ಥ ಮೇಡಂ’ ಎಂದಳು ಪುಟ್ಟಿ. ‘ಅಕ್ಕ ಮಾತಾಡೋದೇ ಹಾಗೆ, ಎಲ್ಲದಕ್ಕೂ ಒಂದು ತೂಕ ಜಾಸ್ತಿ.’

‘ಅಕ್ಕ ಅಂದ್ರಿ?’ ಸದಸ್ಯೆಯ ಪೆನ್ನು ಮೇಲೆದ್ದಿತು.

ಪುಟ್ಟಿ ಒಂದು ಕ್ಷಣ ತಿದ್ದಕ್ಕನ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ನೆಲಕ್ಕಿಡುವಂತೆ ಹೇಳಿದಳು: ‘ಊರೆಲ್ಲ ಹಾಗೇ ಕರೀತಾರೆ ಮೇಡಂ. ನಾನೂ ಕರೀತೀನಿ.’

‘ಹೌದು ಹೌದು, ನಮ್ಮ ಆಫೀಸಿನವರೂ ಅಕ್ಕ ಅಂತಾನೇ...’ ಎಂದು ಗುಮಾಸ್ತ ಗೋಡೆಯಿಂದಲೇ ಸೇರಿಸಿದ.

ಅಧ್ಯಕ್ಷರು ಕೈಯೆತ್ತಿ ಸದಸ್ಯೆಯನ್ನು ಸುಮ್ಮನಿರಿಸಿದರು. ಗೌರವಕ್ಕೆ ಕರೆಯುವುದು, ಅದರಲ್ಲೇನಿದೆ ಎಂದರು. ಟೈಲರಿನ ಹೇಳಿಕೆಯನ್ನು ತೆಗೆದು ‘ಅಕ್ಕತಂಗಿಯರಂತೆ ಇದ್ದಾರೆ’ ಎಂದು ಗಟ್ಟಿಯಾಗಿ ಓದಿ ತಲೆದೂಗಿದರು. ಐವರೂ ತಲೆ ಕೂಡಿಸಿ ಒಂದೆರಡು ಮಾತಾಡಿಕೊಂಡರು. ಅಧ್ಯಕ್ಷರು ಪೆನ್ನು ತೆಗೆದು ಸಹಿ ಹಾಕಿದರು, ಕಡತವನ್ನು ಮೊಹರಿಗೆಂದು ಗುಮಾಸ್ತನ ಕಡೆ ಸರಿಸಿದರು. ಅಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಅವರ ಮನಸ್ಸು ತುಂಬಿಬಂದಿತ್ತು, ಒಳ್ಳೆಯ ಮಾತೊಂದನ್ನು ಆಡದೆ ಕಳಿಸುವುದು ಅವರಿಂದಾಗಲಿಲ್ಲ.

‘ಅಮ್ಮಾ, ಈ ಮೇಜಿನ ಮುಂದೆ ಎಷ್ಟೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೊನೇ ಗಳಿಗೇಲಿ ಹಿಂದೆ ಸರಿದದ್ದನ್ನ ನೋಡಿದ್ದೀನಿ’ ಎಂದರು. ‘ಏನೂ ಆಗದ ನೀವು ಕೊಡ್ತಿದ್ದೀರಿ. ಸ್ವಂತ ಅಕ್ಕಂದಿರು ನಿಮ್ಮನ್ನ ನೋಡಿ ಕಲೀಬೇಕು.’

ತಿದ್ದಕ್ಕನ ನಾಲಿಗೆಯ ತುದಿಗೆ ಉತ್ತರವೊಂದು ಬಂದು ನಿಂತಿತು. ಗುಮಾಸ್ತ ಮೊಹರನ್ನು ಶಾಯಿಗೆ ಒತ್ತಿ ಎತ್ತಿದ್ದ, ಅದು ಇನ್ನೂ ಕಾಗದಕ್ಕೆ ಬಿದ್ದಿರಲಿಲ್ಲ. ಅವಳು ಕಾದಳು. ಮೊಹರು ಬಿತ್ತು.

‘ನಿಜ ಸಾರ್’ ಎಂದಳು. ‘ಸ್ವಂತ ಅಕ್ಕ ಆಗಿದ್ರೆ ಕೊಡೋಕೆ ನೀವು ಬಿಡ್ತಾನೇ ಇರ್ಲಿಲ್ಲ.’

ತಮಾಷೆಯೆಂದು ತಿಳಿದು ಅಧ್ಯಕ್ಷರು ಮನಸಾರೆ ನಕ್ಕರು, ಅವರು ನಕ್ಕದ್ದಕ್ಕೆ ಉಳಿದ ನಾಲ್ವರೂ ನಕ್ಕರು. ಪುಟ್ಟಿ ನಗಲಿಲ್ಲ. ಎದ್ದು ನಿಂತು, ಎಲ್ಲರೂ ನೋಡುತ್ತಿದ್ದಂತೆಯೇ ತಿದ್ದಕ್ಕನ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.